ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರ ಕನ್ನಡ

(ಉನ್ನತ ಪ್ರಾಥಮಿಕ ಹಂತದ ವ್ಯಕ್ತಿಪರಿಚಯ ಪಾಠಗಳಿಗೆ ಪೂರಕವಾಗಿ, ಶಿಕ್ಷಕರ ಅಧ್ಯಯನಕ್ಕಾಗಿ)

ವ್ಯಕ್ತಿಪರಿಚಯದ ಪಾಠಗಳನ್ನು ನಾವು ಬಹುಮಟ್ಟಿಗೆ ಒಂದೇ ಬಗೆಯಲ್ಲಿ ಬೋಧಿಸುತ್ತ ಬಂದಿದ್ದೇವೆ. ಹುಟ್ಟಿದ ಊರು, ತಂದೆತಾಯಿಗಳ ಹೆಸರು, ಪಡೆದ ಪ್ರಶಸ್ತಿಗಳು, ಕಾಲವಾದ ದಿನ. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವುದಕ್ಕೆ ಇಷ್ಟು ಸಾಕು. ಆದರೆ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕುಳಿತಿರುವ ಮಕ್ಕಳಿಗೆ ಹಿನ್ನೆಲೆ ಗಾಯಕ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರ ಜೀವನವನ್ನು ಹೀಗೆ ಹೇಳಿ ಮುಗಿಸಿದರೆ, ಆ ಜೀವನದಲ್ಲಿ ಅವರಿಗೆಂದೇ ಇರುವ ಸಂಗತಿ ಕೈತಪ್ಪಿ ಹೋಗುತ್ತದೆ. ತೆಲುಗು ಮಾತೃಭಾಷೆಯ ಒಬ್ಬ ವ್ಯಕ್ತಿ ಕನ್ನಡವನ್ನು ಹೇಗೆ ಕಲಿತರು, ಕಲಿತದ್ದನ್ನು ಹೇಗೆ ಉಳಿಸಿಕೊಂಡರು ಎಂಬುದೇ ಆ ಸಂಗತಿ. ನಮ್ಮ ತರಗತಿಯ ಅರ್ಧಕ್ಕೂ ಹೆಚ್ಚು ಮಕ್ಕಳು ದಿನನಿತ್ಯ ಮಾಡುತ್ತಿರುವ ಕೆಲಸವೂ ಅದೇ ಆಗಿದೆ.

ನಮ್ಮ ಪ್ರದೇಶದ ಭಾಷಾಸ್ಥಿತಿಯನ್ನು ಶಿಕ್ಷಕ ಮಿತ್ರರಿಗೆ ವಿವರಿಸಿ ಹೇಳಬೇಕಾಗಿಲ್ಲ. ಆದರೂ ಪಾಠದ ಪೀಠಿಕೆಗಾಗಿ ಒಂದೆರಡು ಮಾತು ಅವಶ್ಯ. ನಾರಾಯಣಖೇಡ ಮತ್ತು ಜಹೀರಾಬಾದ್ ಪ್ರದೇಶಗಳು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಗೂ, ತಾಂಡೂರು ಗುಲ್ಬರ್ಗ ಜಿಲ್ಲೆಗೂ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಆ ಜಿಲ್ಲೆಗಳ ಬಹುಭಾಗ ಮೈಸೂರು ರಾಜ್ಯಕ್ಕೆ ಹೋಯಿತು. ಈ ತಾಲ್ಲೂಕುಗಳು ಆಂಧ್ರಪ್ರದೇಶದಲ್ಲಿ ಉಳಿದು, 2014ರ ಜೂನ್ 2ರಿಂದ ತೆಲಂಗಾಣದ ಭಾಗವಾದವು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಬಸ್ ನಿಲ್ದಾಣದಲ್ಲಿ ಉರ್ದು ಎಂಬ ಹಳೆಯ ವಾಡಿಕೆ ಈಗಲೂ ಇದೆ. ನಾರಾಯಣಖೇಡದ ಕಡೆ ಮರಾಠಿಯೂ, ತಾಂಡಾಗಳಲ್ಲಿ ಲಂಬಾಣಿಯೂ ಅದಕ್ಕೆ ಕೂಡುತ್ತವೆ. ರಾಜ್ಯದ ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯಗೊಳಿಸಿದ 2018ರ ಕಾಯ್ದೆಯ ಬಳಿಕ ಕನ್ನಡ ಮಾಧ್ಯಮದ ಮಗುವಿನ ಚೀಲದಲ್ಲಿ ಎರಡು ಲಿಪಿಗಳ ಪುಸ್ತಕಗಳು ಜೊತೆಜೊತೆಯಾಗಿಯೇ ಇರುತ್ತವೆ. ಒಂದೇ ತಾಯಿಯ ಮಕ್ಕಳಂತಿರುವ ಆ ಎರಡು ಲಿಪಿಗಳು ಮಗುವಿನ ಕೈಯಲ್ಲಿ ಬೆರೆತುಹೋಗುವುದನ್ನು ನಾವೆಲ್ಲ ಕಂಡಿದ್ದೇವೆ, ಕೆಂಪು ಶಾಯಿಯಿಂದ ತಿದ್ದಿದ್ದೇವೆ.

ಜೀವನದ ಮೊದಲ ಘಟ್ಟ

ಶ್ರೀಪತಿ ಪಂಡಿತಾರಾಧ್ಯುಲ ಬಾಲಸುಬ್ರಹ್ಮಣ್ಯಂ ಅವರು 1946ರ ಜೂನ್ 4ರಂದು ಅಂದಿನ ಮದರಾಸು ಪ್ರಾಂತ್ಯದ ಕೋನೇಟಮ್ಮಪೇಟೆಯಲ್ಲಿ ತೆಲುಗು ಕುಟುಂಬವೊಂದರಲ್ಲಿ ಜನಿಸಿದರು. ಆ ಊರು ಈಗ ತಮಿಳುನಾಡಿನಲ್ಲಿದೆ. ತಂದೆ ಎಸ್. ಪಿ. ಸಾಂಬಮೂರ್ತಿ ಹರಿಕಥಾ ವಿದ್ವಾಂಸರು. ಹರಿಕಥೆ ಎಂದರೇನೆಂದು ನಮ್ಮ ಮಕ್ಕಳಿಗೆ ಬೇರೆ ಹೇಳಬೇಕಿಲ್ಲ. ಝರಾಸಂಗಮದ ಕೇತಕಿ ಸಂಗಮೇಶ್ವರನ ಜಾತ್ರೆಗೆ ಅಜ್ಜಿಯ ಕೈಹಿಡಿದು ಹೋದ ಮಗುವಿಗೆ ಕಥೆ ಮತ್ತು ಹಾಡು ಒಂದೇ ಬಾಯಿಂದ ಬರುವುದು ಹೊಸತಲ್ಲ. ಮಾತಿನ ನಡುವೆ ಹಾಡು, ಹಾಡಿನ ನಡುವೆ ಅರ್ಥವಿವರಣೆ ಕೇಳುತ್ತ ಬೆಳೆದ ಬಾಲಕನಿಗೆ ಪದದ ಅರ್ಥವನ್ನು ಬಿಟ್ಟು ರಾಗವನ್ನು ಮಾತ್ರ ಹಿಡಿಯುವ ಅಭ್ಯಾಸ ಬೆಳೆಯಲಿಲ್ಲವೆಂದು ತೋರುತ್ತದೆ.

ಮನೆಯವರ ಅಪೇಕ್ಷೆಯಂತೆ ಅವರು ಇಂಜಿನಿಯರಿಂಗ್ ಓದಲು ಅನಂತಪುರಕ್ಕೆ ಹೋದರು. ಅನಂತಪುರವೂ ನಮ್ಮಂತೆ ಗಡಿ ಜಿಲ್ಲೆಯೇ. ವಿಷಮಶೀತ ಜ್ವರದಿಂದ ಓದು ಅಲ್ಲಿ ಮುರಿಯಿತು. ಮುಂದೆ ಮದರಾಸಿನಲ್ಲಿ ಮುಂದುವರಿಸಿದರು. ಹಾಡಿನ ಸ್ಪರ್ಧೆಗಳಲ್ಲಿ ಭಾಗವಹಿಸುವ ಹವ್ಯಾಸ ಮಾತ್ರ ನಿಲ್ಲಲಿಲ್ಲ. ಗೂಡೂರಿನ ಒಂದು ಸ್ಪರ್ಧೆಯಲ್ಲಿ ಅವರ ಹಾಡು ಕೇಳಿದ ಎಸ್. ಜಾನಕಿ ಅವರು ಚಲನಚಿತ್ರರಂಗಕ್ಕೆ ಬರುವಂತೆ ಪ್ರೋತ್ಸಾಹಿಸಿದ್ದನ್ನು ಬಾಲಸುಬ್ರಹ್ಮಣ್ಯಂ ಕೊನೆಯವರೆಗೂ ನೆನೆಯುತ್ತಿದ್ದರು. ಸಂಗೀತ ನಿರ್ದೇಶಕ ಎಸ್. ಪಿ. ಕೋದಂಡಪಾಣಿ ಅವರು ಈ ತರುಣನನ್ನು ತಮ್ಮ ಬಳಿ ಸೇರಿಸಿಕೊಂಡು ‘ಶ್ರೀ ಶ್ರೀ ಶ್ರೀ ಮರ್ಯಾದ ರಾಮಣ್ಣ’ ಎಂಬ ತೆಲುಗು ಚಿತ್ರಕ್ಕೆ ಹಾಡಿಸಿದರು. ಆ ಧ್ವನಿಮುದ್ರಣ ನಡೆದದ್ದು 1966ರ ಡಿಸೆಂಬರ್ 15ರಂದು. ಶಿಷ್ಯನು ಮುಂದೆ ಮದರಾಸಿನಲ್ಲಿ ಕಟ್ಟಿಸಿದ ಧ್ವನಿಮುದ್ರಣ ಶಾಲೆಗೆ ಕೋದಂಡಪಾಣಿಯವರ ಹೆಸರನ್ನೇ ಇಟ್ಟರು.

ಇಲ್ಲಿಂದ ಮುಂದಿನ ಸಂಗತಿ ನಮಗೆ ಮುಖ್ಯ. ಆ ಮೊದಲ ಹಾಡಾದ ಎಂಟೇ ದಿನಗಳಲ್ಲಿ ಅವರು ಹಾಡಿದ ಎರಡನೆಯ ಚಿತ್ರಗೀತೆ ಕನ್ನಡದ್ದು. ಎಂ. ರಂಗರಾವ್ ಸಂಗೀತ ನೀಡಿದ ‘ನಕ್ಕರೆ ಅದೇ ಸ್ವರ್ಗ’ ಚಿತ್ರಕ್ಕಾಗಿ ಪಿ. ಸುಶೀಲಾ ಅವರೊಡನೆ ಹಾಡಿದ ಯುಗಳಗೀತೆ ಅದು. ಇಪ್ಪತ್ತರ ವಯಸ್ಸು, ಕನ್ನಡ ಮಾತಾಡುವ ನೆರೆಹೊರೆಯಿಲ್ಲ, ಎದುರಿಗೆ ಆಗಲೇ ಪ್ರಸಿದ್ಧರಾಗಿದ್ದ ಗಾಯಕಿ. ಒಂದು ಭಾಷೆಯಲ್ಲಿ ನೆಲೆನಿಂತ ಮೇಲೆ ನಿಧಾನವಾಗಿ ಇನ್ನೊಂದಕ್ಕೆ ಬಂದವರು ಅವರಲ್ಲ. ಎರಡನ್ನೂ ಬಹುತೇಕ ಒಂದೇ ವಾರದಲ್ಲಿ ಆರಂಭಿಸಿದವರು.

ಅವರೊಬ್ಬರೇ ಹೀಗೆಂದು ಮಕ್ಕಳು ತಿಳಿಯಬಾರದು. ಡಾ. ರಾಜ್‌ಕುಮಾರ್ ಅವರ ಶಾರೀರವೆಂದೇ ಕನ್ನಡಿಗರು ಕರೆದ ಪಿ. ಬಿ. ಶ್ರೀನಿವಾಸ್ ಕಾಕಿನಾಡದವರು. ಪಿ. ಸುಶೀಲಾ ವಿಜಯನಗರಂನವರು. ಎಸ್. ಜಾನಕಿ ಗುಂಟೂರು ಜಿಲ್ಲೆಯವರು. ಕನ್ನಡ ಚಿತ್ರಗೀತೆಯ ಒಂದು ದೀರ್ಘ ಕಾಲಘಟ್ಟವನ್ನು ಹೊತ್ತು ನಡೆದ ಈ ನಾಲ್ಕು ಕಂಠಗಳೂ ತೆಲುಗು ಮನೆಗಳಿಂದ ಬಂದವು. ಶ್ರೀನಿವಾಸ್ ಅವರಂತೂ ಉರ್ದುವಿನಲ್ಲಿ ಗಜಲ್‌ಗಳನ್ನು ಬರೆದವರು. ಎಂಟು ಭಾಷೆಗಳಲ್ಲಿ ಪದ್ಯ ರಚಿಸಿದವರು. ಜಹೀರಾಬಾದಿನ ಶಾಲೆಯಲ್ಲಿ ಉರ್ದು ಮನೆಮಾತಿನ ಮಕ್ಕಳಿದ್ದರೆ ಅವರ ಹೆಸರನ್ನು ಇಲ್ಲಿ ತರುವುದು ಒಳ್ಳೆಯದು.

ಬರೆದುಕೊಳ್ಳುವ ಕೈ

ಬಾಲಸುಬ್ರಹ್ಮಣ್ಯಂ ಅವರ ಒಂದು ರೂಢಿಯನ್ನು ಅವರೊಡನೆ ಕೆಲಸ ಮಾಡಿದವರೆಲ್ಲ ಬಲ್ಲರು. ಯಾವ ಭಾಷೆಯ ಹಾಡಾದರೂ ಸಾಹಿತ್ಯವನ್ನು ಬೇರೆಯವರು ಬರೆದುಕೊಟ್ಟ ಹಾಳೆಯಿಂದ ನೇರವಾಗಿ ಹಾಡುತ್ತಿರಲಿಲ್ಲ. ಬಾಯಿಂದ ಹೇಳಿಸಿಕೊಂಡು ತಮ್ಮ ಕೈಯಿಂದಲೇ ತೆಲುಗು ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ಕೇಳುವುದು, ಬರೆಯುವುದು, ಅರ್ಥ ಕೇಳುವುದು, ಆಮೇಲೆ ಹಾಡುವುದು. ನಮ್ಮ ಬೋಧನಾ ಕ್ರಮದ ಭಾಷೆಯಲ್ಲಿ ಹೇಳುವುದಾದರೆ ಆಲಿಸುವಿಕೆಯಿಂದ ಉಕ್ತಲೇಖನಕ್ಕೆ, ಅಲ್ಲಿಂದ ಅರ್ಥಗ್ರಹಣಕ್ಕೆ, ಕೊನೆಗೆ ಅಭಿವ್ಯಕ್ತಿಗೆ. ಸಾವಿರಾರು ಹಾಡುಗಳಾದ ಮೇಲೂ ಅವರು ಈ ಕ್ರಮವನ್ನು ಬಿಡಲಿಲ್ಲ.

ತೆಲುಗು ಲಿಪಿಯಲ್ಲಿ ಕನ್ನಡವನ್ನು ಬರೆದುಕೊಳ್ಳುವುದರಿಂದ ಏನಾದರೂ ನಷ್ಟವಾಗುತ್ತದೆಯೇ ಎಂದು ಯೋಚಿಸಬೇಕು. ದೇವನಾಗರಿಯಲ್ಲಿ ಬರೆದರೆ ಎ-ಏ, ಒ-ಓ ಭೇದ ಉಳಿಯುವುದು ಕಷ್ಟ. ತಮಿಳು ಲಿಪಿಯಲ್ಲಿ ಬರೆದರೆ ಕ-ಗ, ತ-ದ ಒಂದಾಗುತ್ತವೆ. ಮಹಾಪ್ರಾಣಕ್ಕೆ ಅಲ್ಲಿ ಎಡೆಯೇ ಇಲ್ಲ. ತೆಲುಗಿನಲ್ಲಾದರೋ ಹ್ರಸ್ವ ಎ-ಒಗಳಿವೆ, ಳಕಾರವಿದೆ, ಮಹಾಪ್ರಾಣಗಳಿವೆ. ಕನ್ನಡದ ಒಂದು ಅಕ್ಷರವೂ ದಾರಿಯಲ್ಲಿ ಬಿದ್ದುಹೋಗುವುದಿಲ್ಲ. ಕ, ತ, ಶ ಮೊದಲಾದ ಕೆಲವು ಅಕ್ಷರಗಳ ಆಕಾರ ಮತ್ತು ತಲಕಟ್ಟಿನ ರೀತಿಯನ್ನು ಬಿಟ್ಟರೆ ಎರಡೂ ವರ್ಣಮಾಲೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಬಹುದು. ಆದುದರಿಂದ ಲಿಪಿ ಬೆರೆಸಿ ಬರೆಯುವ ಮಗು ಅಜ್ಞಾನದಿಂದ ಹಾಗೆ ಮಾಡುತ್ತಿಲ್ಲ. ತನಗೆ ಗೊತ್ತಿರುವ ಒಂದು ವ್ಯವಸ್ಥೆಯನ್ನು ಇನ್ನೊಂದಕ್ಕೆ ಊರುಗೋಲಾಗಿ ಬಳಸುತ್ತಿದೆ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಅದನ್ನು ತಿದ್ದಲೇಬೇಕು. ಕಲಿಕೆಯ ದಾರಿಯಲ್ಲಿ ಅದು ಕಂಡಾಗ ಕೋಲು ಕಸಿದುಕೊಳ್ಳುವ ಮುಂಚೆ ಸ್ವಲ್ಪ ತಡೆಯಬಹುದು.

ಇದನ್ನು ನಾನು ಬಹಳ ತಡವಾಗಿ ಕಲಿತೆ. ಕೆಲವು ವರ್ಷಗಳ ಹಿಂದೆ ಐದನೆಯ ತರಗತಿಯಲ್ಲಿ ತೆಲುಗು ಮನೆಮಾತಿನ ಒಬ್ಬ ಬಾಲಕಿ ಇದ್ದಳು. ಶನಿವಾರದ ಬಾಲಸಭೆಯಲ್ಲಿ ಎದ್ದು ನಿಂತು ‘ನಾನು ಒಂದು ಆಡು ಆಡುತ್ತೇನೆ’ ಎಂದಳು. ತರಗತಿಯ ಹಿಂದಿನ ಸಾಲಿನಿಂದ ಯಾರೋ ಆಡಿನಂತೆ ‘ಮ್ಯಾ’ ಎಂದು ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಅಷ್ಟೇ ಅಲ್ಲ, ಆ ನಗುವಿನ ನಡುವೆಯೇ ಅವಳಿಂದ ‘ಹಾಡು’ ಎಂಬ ಪದವನ್ನು ಐದು ಸಲ ಹೇಳಿಸಿದೆ. ಐದನೆಯ ಸಲ ಅವಳು ಸರಿಯಾಗಿಯೇ ಹೇಳಿದಳು. ಆದರೆ ಹಾಡಲಿಲ್ಲ. ಮುಂದಿನ ಎರಡು ತಿಂಗಳು ಬಾಲಸಭೆಯಲ್ಲಿ ಅವಳ ಧ್ವನಿ ಕೇಳಲಿಲ್ಲ. ಗಟ್ಟಿಯಾಗಿ ಓದುವ ಸರದಿ ಬಂದಾಗ ಗಂಟಲು ನೋವೆಂದು ಹೇಳುತ್ತಿದ್ದಳು. ಒಂದು ದಿನ ನೋಟುಪುಸ್ತಕ ತಿದ್ದುವಾಗ ಕೊನೆಯ ಪುಟಗಳಲ್ಲಿ ನಾಲ್ಕಾರು ಕನ್ನಡ ಚಿತ್ರಗೀತೆಗಳು ತೆಲುಗು ಅಕ್ಷರಗಳಲ್ಲಿ ಕಂಡವು. ದೂರದರ್ಶನದಲ್ಲಿ ಕೇಳಿ ಬರೆದುಕೊಂಡದ್ದು. ಓದಿನೋಡಿದೆ. ‘ಹ’ ಬರಬೇಕಾದ ಕಡೆಯೆಲ್ಲ ‘ಹ’ವೇ ಇತ್ತು. ಕಿವಿ ಸರಿಯಾಗಿ ಕೇಳಿತ್ತು, ಕೈ ಸರಿಯಾಗಿ ಬರೆದಿತ್ತು. ನಾಲಗೆಗೆ ಮಾತ್ರ ಸಮಯ ಬೇಕಾಗಿತ್ತು. ಆ ಸಮಯವನ್ನು ನಾನು ನಗೆಯ ನಡುವೆ ಕಸಿದುಕೊಂಡಿದ್ದೆ.

ಕಿವಿಗೆ ಕೆಲಸ

ತೆಲುಗು ನಾಲಗೆ ಕನ್ನಡಕ್ಕೆ ಹೊರಳುವಾಗ ಎಲ್ಲೆಲ್ಲಿ ತಡವರಿಸುತ್ತದೆಂಬುದನ್ನು ಶಿಕ್ಷಕರು ಮೊದಲೇ ತಿಳಿದಿದ್ದರೆ ಅರ್ಧ ಕೆಲಸ ಆದಂತೆ. ಮೊದಲನೆಯದು ಹಕಾರ. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಯಿತು, ತೆಲುಗಿನಲ್ಲಿ ಹಾಗೆಯೇ ಉಳಿಯಿತು. ಪಾಲು-ಹಾಲು, ಪುಲಿ-ಹುಲಿ, ಪಂದಿ-ಹಂದಿ, ಪುವ್ವು-ಹೂವು. ಅಂದರೆ ಕನ್ನಡದ ಅತ್ಯಂತ ಮನೆಯ ಮಾತುಗಳಲ್ಲಿಯೇ ತೆಲುಗು ಮಗುವಿಗೆ ಹಕಾರ ಎದುರಾಗುತ್ತದೆ. ಈ ಜೋಡಿಗಳನ್ನು ಕರಿಹಲಗೆಯ ಮೇಲೆ ಎರಡು ಕಂಬಸಾಲುಗಳಲ್ಲಿ ಬರೆದಾಗ ಮಕ್ಕಳು ತಾವಾಗಿಯೇ ಸೂತ್ರವನ್ನು ಕಂಡುಹಿಡಿಯುತ್ತಾರೆ. ಅವರ ತೆಲುಗು ಅಲ್ಲಿ ಅಡ್ಡಿಯಾಗದೆ ಉಪಕರಣವಾಗುತ್ತದೆ. ಅಕ್ಕಿ-ಹಕ್ಕಿ, ಆರು-ಹಾರು, ಆಡು-ಹಾಡು ಎಂಬ ಜೋಡಿಗಳನ್ನು ಆ ಬಳಿಕ ತರಬೇಕು, ಮೊದಲೇ ಅಲ್ಲ.

ಎರಡನೆಯದು ಚಕಾರ-ಜಕಾರ. ತೆಲುಗಿನಲ್ಲಿ ಚಾಪ, ಚುಕ್ಕ, ಜೊನ್ನ ಎನ್ನುವಾಗ ನಾಲಗೆಯ ತುದಿ ಹಲ್ಲಿನ ಬುಡಕ್ಕೆ ತಾಗುತ್ತದೆ. ಕನ್ನಡದ ಚಾಪೆ, ಚುಕ್ಕಿ, ಜೋಳಗಳಲ್ಲಿ ಹಾಗೆ ತಾಗಬಾರದು. ಮರಾಠಿ ಮನೆಮಾತಿನ ಮಕ್ಕಳಲ್ಲಿಯೂ ಇದೇ ತೊಡಕು ಕಾಣುತ್ತದೆ. ಬರೆಹದಲ್ಲಿ ಈ ಭೇದ ಕಾಣುವುದೇ ಇಲ್ಲವಾದ್ದರಿಂದ ಇದನ್ನು ಕಿವಿಯಿಂದಲೇ ಕಲಿಸಬೇಕು. ಧ್ವನಿಮುದ್ರಿತ ಹಾಡು ಇಲ್ಲಿ ಅತ್ಯಂತ ಉಪಯುಕ್ತ.

ನಾಮಪದಗಳ ಕೊನೆಯ ಸೊನ್ನೆಯ ವಿಷಯ ಎಲ್ಲರಿಗೂ ಗೊತ್ತಿರುವುದೇ: ಪುಸ್ತಕಂ, ದೇಶಂ, ಸಂಗೀತಂ. ಉರ್ದು ಮನೆಮಾತಿನ ಮಕ್ಕಳಿಗೆ ಹಕಾರದ ತೊಂದರೆಯಿಲ್ಲ, ಮಹಾಪ್ರಾಣವಂತೂ ಲೀಲಾಜಾಲ. ಅವರು ಎಡವುವುದು ಳಕಾರ, ಣಕಾರಗಳಲ್ಲಿ. ಕಲೆ-ಕಳೆ, ಎಲೆ-ಎಳೆ, ಕೊಲ್ಲು-ಕೊಳ್ಳು. ಈ ಕೊನೆಯ ಜೋಡಿಯನ್ನು ವಾಕ್ಯದಲ್ಲಿ ಬಳಸಿ ತೋರಿಸಿದರೆ ಮಕ್ಕಳು ಮತ್ತೆ ಮರೆಯುವುದಿಲ್ಲ. ಇನ್ನು ಕನ್ನಡವೇ ಮನೆಮಾತಾಗಿರುವ ಮಗುವೂ ‘ಮನಿ’, ‘ಸಾಲಿ’ ಎಂದೇ ಮಾತಾಡುತ್ತದೆ, ಪಠ್ಯದ ‘ಮನೆ’, ‘ಶಾಲೆ’ ಅದಕ್ಕೂ ಕಲಿತು ಪಡೆಯಬೇಕಾದದ್ದೇ. ಆದುದರಿಂದ ತರಗತಿಯಲ್ಲಿ ಕನ್ನಡ ಬಲ್ಲವರು, ಬಾರದವರು ಎಂಬ ಎರಡು ಪಂಕ್ತಿ ಮಾಡುವುದು ಸರಿಯಲ್ಲ. ಶಿಷ್ಟಗನ್ನಡದ ಮುಂದೆ ನಮ್ಮ ಎಲ್ಲ ಮಕ್ಕಳೂ ಸ್ವಲ್ಪ ಹೊರಗಿನವರೇ.

ಈಗ ಬಾಲಸುಬ್ರಹ್ಮಣ್ಯಂ ಅವರ ಯಾವುದಾದರೊಂದು ಕನ್ನಡ ಹಾಡನ್ನು ತರಗತಿಯಲ್ಲಿ ಕೇಳಿಸಿರಿ. ರಾಜನ್-ನಾಗೇಂದ್ರ ಸಂಗೀತದ ‘ಬಯಲು ದಾರಿ’ ಅಥವಾ ‘ನಾ ನಿನ್ನ ಬಿಡಲಾರೆ’ ಚಿತ್ರದ ಹಾಡುಗಳಲ್ಲಿ ವಾದ್ಯಗಳು ಮಾತನ್ನು ಮುಚ್ಚುವುದಿಲ್ಲ. ಆರಂಭಕ್ಕೆ ಅವು ಉತ್ತಮ. ಹಕಾರ ಬಂದ ಕಡೆಯೆಲ್ಲ ಮಕ್ಕಳು ಬೆರಳೆತ್ತಲಿ. ಎರಡನೆಯ ಸಲ ಕೇಳಿಸಿದಾಗ ಳಕಾರಕ್ಕೆ. ಹಕಾರವನ್ನು ಅವರು ಒತ್ತಿ ಹೇಳುವುದಿಲ್ಲ, ನುಂಗುವುದೂ ಇಲ್ಲ. ಉಸಿರಿನಷ್ಟೇ ಅಳತೆಯಲ್ಲಿ ಬಿಡುತ್ತಾರೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಹ್ರಸ್ವ-ದೀರ್ಘಗಳನ್ನು ಚಿತ್ರಗೀತೆಯಿಂದ ಕಲಿಸಲು ಹೋಗಬೇಡಿ. ರಾಗ ತನ್ನ ಅಗತ್ಯಕ್ಕೆ ತಕ್ಕಂತೆ ಹ್ರಸ್ವವನ್ನು ಎಳೆಯುತ್ತದೆ. ಮಗು ಅದನ್ನೇ ಸರಿಯೆಂದು ಬರೆದುಬಿಡುತ್ತದೆ. ಮಾತ್ರೆಯ ಪಾಠಕ್ಕೆ ಗದ್ಯದ ಗಟ್ಟಿ ಓದೇ ಸರಿ.

ಚಿತ್ರಗೀತೆಯನ್ನು ಶಾಲೆಗೆ ತರಬಾರದೆಂಬ ಅಭಿಪ್ರಾಯ ನಮ್ಮ ಸಹೋದ್ಯೋಗಿಗಳಲ್ಲಿ ಕೆಲವರಿಗಿದೆ. ಸಾಹಿತ್ಯವನ್ನು ನೋಡಿ ಆರಿಸಬೇಕೆಂಬುದು ನಿಜ. ಆದರೆ ಮಗು ಶಾಲೆಯ ಹೊರಗೆ ತಾನಾಗಿಯೇ ಬಯಸಿ ಕೇಳುವ ಕನ್ನಡ ಈ ಭಾಗದಲ್ಲಿ ಎಷ್ಟಿದೆ? ಬೀದರಿನಿಂದ ಬರುವ ಬಸ್ಸಿನ ನಾಮಫಲಕ, ಸೇಡಂ ಚಿಂಚೋಳಿಗಳ ನೆಂಟರ ಮಾತು, ಮತ್ತು ಹಾಡು. ಇರುವ ಮೂರರಲ್ಲಿ ಒಂದನ್ನು ಬಿಟ್ಟುಕೊಡುವಷ್ಟು ನಾವು ಶ್ರೀಮಂತರಲ್ಲ.

ದಾಖಲೆಗಳ ಬಗ್ಗೆ

ಅವರು ನಲವತ್ತು ಸಾವಿರ ಹಾಡುಗಳನ್ನು ಹಾಡಿದರೆಂಬ ಮಾತು ಎಲ್ಲೆಡೆ ಪ್ರಚಲಿತವಾಗಿದೆ. ಇದನ್ನು ಬಾಯಿಪಾಠ ಮಾಡಿಸುವ ಬದಲು ಗಣಿತದ ಅವಧಿಗೆ ಒಯ್ಯುವುದು ಮೇಲು. 1966ರಿಂದ 2020ರವರೆಗೆ 54 ವರ್ಷ. 40,000ವನ್ನು 54ರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 740. ಒಂದು ದಿನವೂ ಬಿಡದೆ ಹಾಡಿದರೆ ದಿನಕ್ಕೆ ಎರಡು. 1981ರ ಫೆಬ್ರವರಿ 8ರಂದು ಬೆಂಗಳೂರಿನಲ್ಲಿ ಉಪೇಂದ್ರಕುಮಾರ್ ಅವರ ಸಂಗೀತದಲ್ಲಿ ಬೆಳಿಗ್ಗೆ 9ರಿಂದ ರಾತ್ರಿ 9ರೊಳಗೆ 21 ಕನ್ನಡ ಹಾಡುಗಳನ್ನು ಹಾಡಿದರೆಂದು ಪ್ರಸಿದ್ಧಿಯಿದೆ. ಒಂದು ಹಾಡಿಗೆ ದೊರೆತ ಸಮಯ ಎಷ್ಟು ನಿಮಿಷವೆಂದು ಮಕ್ಕಳು ಲೆಕ್ಕ ಹಾಕಲಿ. ಆ ಮೂವತ್ತನಾಲ್ಕು ನಿಮಿಷಗಳಲ್ಲಿಯೇ ಬರೆದುಕೊಳ್ಳುವುದು, ಕಲಿಯುವುದು, ಹಾಡುವುದು ಎಲ್ಲವೂ ಸೇರಿತ್ತೆಂಬುದನ್ನು ಶಿಕ್ಷಕರು ನೆನಪಿಸಲಿ.

ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿಯನ್ನು ಅವರು ಆರು ಬಾರಿ ಪಡೆದರು: ತೆಲುಗಿನಲ್ಲಿ ಮೂರು, ಹಿಂದಿ, ಕನ್ನಡ, ತಮಿಳುಗಳಲ್ಲಿ ಒಂದೊಂದು. ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಅಭ್ಯಾಸ ಮಾಡದಿದ್ದ ಅವರು ‘ಶಂಕರಾಭರಣಂ’ ಚಿತ್ರದ ಹಾಡುಗಳನ್ನು ಹೇಳಿಸಿಕೊಂಡೇ ಕಲಿತು ಮೊದಲ ಪ್ರಶಸ್ತಿ ಗಳಿಸಿದರು. ಎರಡನೆಯದರ ಕಥೆ ನಮ್ಮ ಮಕ್ಕಳಿಗೆ ಹೇಳತಕ್ಕದ್ದು. ‘ಏಕ್ ದೂಜೇ ಕೇ ಲಿಯೇ’ ಎಂಬ ಹಿಂದಿ ಚಿತ್ರಕ್ಕೆ ಇವರಿಂದ ಹಾಡಿಸಲು ಸಂಗೀತ ನಿರ್ದೇಶಕರು ಮೊದಲು ಒಪ್ಪಲಿಲ್ಲ. ದಕ್ಷಿಣದವರ ಹಿಂದಿ ಸರಿಹೋಗದೆಂಬುದು ಅವರ ಸಂದೇಹ. ನಿರ್ದೇಶಕ ಕೆ. ಬಾಲಚಂದರ್ ಪಟ್ಟು ಹಿಡಿದರು. ಚಿತ್ರದ ನಾಯಕನೇ ಹಿಂದಿ ಸರಿಯಾಗಿ ಬಾರದ ತಮಿಳು ಯುವಕನಾಗಿರುವಾಗ ಹಾಡಿನಲ್ಲಿ ದಕ್ಷಿಣದ ಛಾಯೆ ಇದ್ದರೆ ಅದು ಪಾತ್ರಕ್ಕೆ ಒಪ್ಪುತ್ತದೆಂಬುದು ಅವರ ವಾದ. 1981ರ ರಾಷ್ಟ್ರಪ್ರಶಸ್ತಿ ಆ ಹಾಡುಗಾರಿಕೆಗೆ ಬಂದಿತು.

ಕನ್ನಡದ ಪ್ರಶಸ್ತಿ 1995ರ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರಕ್ಕೆ ಸಂದಿತು. ಹುಟ್ಟಿನಿಂದಲೇ ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಸಂಗೀತವನ್ನು ಧಾರೆಯೆರೆದವರು. ಕಲ್ಯಾಣ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಅವರ ಶಿಷ್ಯಪರಂಪರೆ ಹರಡಿದೆ. ಹಂಸಲೇಖ ಅವರ ಸಂಗೀತಕ್ಕೂ ಅದೇ ವರ್ಷ ರಾಷ್ಟ್ರಪ್ರಶಸ್ತಿ ದೊರೆಯಿತು. ಇಲ್ಲಿ ಒಂದು ಸ್ವಾರಸ್ಯವಿದೆ. ಪ್ರಶಸ್ತಿ ಪಡೆದ ಹಾಡು ಹಿಂದುಸ್ತಾನಿ ಶೈಲಿಯದು, ಅದರ ಮಾತುಗಳೂ ಹಿಂದುಸ್ತಾನಿ ಬಂದಿಶಿನವೇ. ತೆಲುಗಿನ ಗಾಯಕ, ಕನ್ನಡದ ಚಿತ್ರ, ಕರ್ನಾಟಕ ಸಂಗೀತದ ನೆಲದವರ ಬಾಯಲ್ಲಿ ಹಿಂದುಸ್ತಾನಿ ಚೀಜು. ಇವರನ್ನು ಯಾವ ಭಾಷೆಯವರೆಂದು ಬರೆಯಬೇಕು ಎಂದು ಒಬ್ಬ ವಿದ್ಯಾರ್ಥಿ ಕೇಳಿದಾಗ ನಾನು ಭಾರತದ ಭೂಪಟವನ್ನು ಗೋಡೆಗೆ ತೂಗುಹಾಕಿದೆ. ಕೋನೇಟಮ್ಮಪೇಟೆ, ಅನಂತಪುರ, ಚೆನ್ನೈ, ಬೆಂಗಳೂರು, ಗದಗ. ದಾರ ಹಿಡಿದು ಮಕ್ಕಳೇ ಊರುಗಳನ್ನು ಕೂಡಿಸಿದರು. ಸಮಾಜ ವಿಜ್ಞಾನದ ಒಂದು ಅವಧಿ ಅದಕ್ಕೇ ಹೋಯಿತು.

ಪದ್ಮಶ್ರೀ 2001ರಲ್ಲಿ, ಪದ್ಮಭೂಷಣ 2011ರಲ್ಲಿ, ಮರಣೋತ್ತರವಾಗಿ ಪದ್ಮವಿಭೂಷಣ 2021ರಲ್ಲಿ. ಇವು ಪಾಠದ ಕೊನೆಯ ಚೌಕದೊಳಗೆ ಇದ್ದರೆ ಸಾಕು.

ಎದುರಿಗೆ ಕುಳಿತ ಮಕ್ಕಳು

ಕನ್ನಡ ವಾಹಿನಿಯಲ್ಲಿ ಅವರು ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮವನ್ನು ನಮ್ಮಲ್ಲಿ ಅನೇಕರು ಮನೆಮಂದಿಯೊಡನೆ ಕುಳಿತು ನೋಡಿದವರು. ಜಿ. ಎಸ್. ಶಿವರುದ್ರಪ್ಪನವರ ಕವಿತೆಯನ್ನು ನೆನಪಿಸುವ ಹೆಸರದು. ತೆಲುಗಿನಲ್ಲಿ 1996ರಿಂದ ‘ಪಾಡುತಾ ತೀಯಗಾ’ ನಡೆಸುತ್ತಿದ್ದ ಅವರು ಅದೇ ಬಗೆಯ ವೇದಿಕೆಯನ್ನು ಕನ್ನಡದ ಮಕ್ಕಳಿಗೂ ಒದಗಿಸಿದರು. ಅದನ್ನು ಶಿಕ್ಷಕರು ಶಿಕ್ಷಕರ ಕಣ್ಣಿನಿಂದ ಮತ್ತೊಮ್ಮೆ ನೋಡಬೇಕೆಂದು ನನ್ನ ವಿನಂತಿ. ಮಗು ಹಾಡಿ ಮುಗಿಸುವವರೆಗೆ ಅವರು ತಡೆಯುವುದಿಲ್ಲ. ಮುಗಿದ ಮೇಲೆ ಮೊದಲು ಹಾಡಿನ ಕವಿ ಯಾರು, ಸಂಗೀತ ಯಾರದು ಎಂದು ನೆನೆಯುತ್ತಾರೆ. ಆಮೇಲೆ ಮಗುವಿನ ಹಾಡಿನಲ್ಲಿ ಚೆನ್ನಾಗಿ ಬಂದ ಒಂದು ಜಾಗವನ್ನು ಹೇಳುತ್ತಾರೆ. ಉಚ್ಚಾರದ ದೋಷ ಬರುವುದು ಆ ಬಳಿಕ. ಅದನ್ನೂ ಸರಿಯಾದ ರೂಪವನ್ನು ತಾವೇ ಹಾಡಿ ತೋರಿಸುತ್ತಾರೆ, ತಪ್ಪು ರೂಪವನ್ನು ಅಣಕಿಸಿ ತೋರಿಸುವುದಿಲ್ಲ. ತಾವು ಕಲಿತು ಪಡೆದ ಭಾಷೆಯಲ್ಲಿ, ಅದು ಹುಟ್ಟಿನಿಂದಲೇ ಬಂದ ಮಕ್ಕಳ ಉಚ್ಚಾರವನ್ನು ಅವರು ತಿದ್ದುತ್ತಿದ್ದರು. ಯಾರಿಗೂ ಅದು ವಿಚಿತ್ರವೆನಿಸಲಿಲ್ಲ.

ಮುಂದಿನ ಜನ್ಮವೆಂಬುದಿದ್ದರೆ ಕನ್ನಡನಾಡಿನಲ್ಲಿ ಹುಟ್ಟಬೇಕೆಂದು ಅವರು ವೇದಿಕೆಗಳಲ್ಲಿ ಹೇಳುತ್ತಿದ್ದುದುಂಟು. ಆ ಮಾತನ್ನು ನಾವು ತೆಲುಗಿಗಿಂತ ಕನ್ನಡ ಮೇಲೆಂಬ ಅರ್ಥದಲ್ಲಿ ತರಗತಿಯಲ್ಲಿ ಬಳಸಬಾರದು. ತೆಲುಗು ಮನೆಯ ಮಗು ಎದುರಿಗಿದೆ. ಇದಕ್ಕಿಂತ ‘ಮುದ್ದಿನ ಮಾವ’ ಚಿತ್ರದ ಪ್ರಸಂಗ ಮಕ್ಕಳಿಗೆ ಹತ್ತಿರವಾದೀತು. 1993ರ ಆ ಚಿತ್ರದಲ್ಲಿ ಬಾಲಸುಬ್ರಹ್ಮಣ್ಯಂ ಪಾತ್ರವಹಿಸಿದರು. ಅವರ ಪಾತ್ರಕ್ಕೆ ಹಿನ್ನೆಲೆ ಗಾಯನ ನೀಡಿದವರು ಡಾ. ರಾಜ್‌ಕುಮಾರ್. ಜೀವಮಾನವೆಲ್ಲ ಬೇರೆಯವರ ತುಟಿಗೆ ದನಿಯಾದವರ ತುಟಿಗೆ ಕನ್ನಡದ ಹಿರಿಯ ನಟ ದನಿಯಾದರು. ಇದನ್ನು ಹೇಳಿದಾಗ ನನ್ನ ತರಗತಿ ಒಂದು ಕ್ಷಣ ಸುಮ್ಮನಿತ್ತು. ಬಳಿಕ ಒಬ್ಬ ಹುಡುಗ, ಹಾಗಾದರೆ ಅಲ್ಲಿ ಅವರು ಬರೀ ಬಾಯಿ ಆಡಿಸಿದರೇ ಎಂದು ಕೇಳಿದ. ಹೌದೆಂದೆ. ಎಲ್ಲರೂ ನಕ್ಕರು, ಈ ಸಲ ಯಾರಿಗೂ ನೋವಾಗದ ನಗು.

2020ರ ಆಗಸ್ಟ್‌ನಲ್ಲಿ ಕೋವಿಡ್ ಸೋಂಕಿನಿಂದ ಚೆನ್ನೈನ ಆಸ್ಪತ್ರೆಗೆ ಸೇರಿದ ಅವರು ಸೆಪ್ಟೆಂಬರ್ 25ರಂದು ನಿಧನರಾದರು. ನಮ್ಮ ಶಾಲೆಗಳು ಆಗ ಮುಚ್ಚಿದ್ದವು. ಆ ದಿನ ಮಕ್ಕಳೊಡನೆ ಮಾತನಾಡಲಾಗಲಿಲ್ಲವೆಂಬ ಕೊರತೆ ನನಗೆ ಉಳಿದಿದೆ.

ಪಾಠಯೋಜನೆಗೆ ಸೂಚನೆ

ಈ ಪಾಠವನ್ನು ಯಾವ ದಿನ ಇಟ್ಟುಕೊಳ್ಳಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. ಅವರ ಜನ್ಮದಿನ ಜೂನ್ 4 ಬೇಸಿಗೆ ರಜೆಯಲ್ಲಿ ಬರುತ್ತದೆ. ಸೆಪ್ಟೆಂಬರ್ 25 ಕೆಲವು ವರ್ಷ ದಸರಾ ರಜೆಯೊಳಗೆ ಸೇರಿಹೋಗುತ್ತದೆ. ನಾನು ಡಿಸೆಂಬರ್ 15ನ್ನು ಆರಿಸಿಕೊಂಡಿದ್ದೇನೆ, ಅವರು ಮೊದಲ ಬಾರಿಗೆ ಧ್ವನಿವರ್ಧಕದ ಮುಂದೆ ನಿಂತ ದಿನ. ಭಾನುವಾರವಾದರೆ ಮರುದಿನ. ಅಂದು ಮೊದಲ ಅವಧಿಯಲ್ಲಿ ಜೀವನಕಥೆ ಹೇಳಿ, ಪ್ರತಿ ಮಗುವೂ ತನ್ನ ಮನೆಮಾತಿನ ಒಂದು ಹಾಡನ್ನು ಹಾಡಬಹುದೆಂದು ಬಿಡಬೇಕು; ತೆಲುಗು, ಉರ್ದು, ಲಂಬಾಣಿ, ಮರಾಠಿ, ಕನ್ನಡ ಯಾವುದಾದರೂ ಸರಿ. ಅಂದು ತಿದ್ದುವುದು ಬೇಡ.

ಎರಡನೆಯ ಅವಧಿ ಎಂಟು ದಿನಗಳ ಮೇಲೆ. ಆ ನಡುವೆ ಮಗು ಒಂದು ಕನ್ನಡ ಹಾಡನ್ನು ಕಿವಿಯಿಂದ ಕೇಳಿ ತನಗೆ ಬರುವ ಲಿಪಿಯಲ್ಲಿ ಬರೆದುಕೊಳ್ಳಬೇಕು, ತಿಳಿಯದ ಪದಗಳ ಕೆಳಗೆ ಗೆರೆ ಎಳೆದು ಅರ್ಥವನ್ನು ಮನೆಯಲ್ಲೋ ಶಾಲೆಯಲ್ಲೋ ಕೇಳಬೇಕು. ಎದುರು ಪುಟದಲ್ಲಿ ಅದೇ ಹಾಡನ್ನು ಕನ್ನಡ ಅಕ್ಷರಗಳಲ್ಲಿ ಬರೆಯಲು ನಾವು ನೆರವಾಗಬೇಕು. ಹೀಗೆ ಮಾಡಿದ ಮೊದಲ ವರ್ಷ, ಆ ಬಾಲಕಿ ಆಗ ಆರನೆಯ ತರಗತಿಯಲ್ಲಿದ್ದಳು. ಎಂಟನೆಯ ದಿನ ನೋಟುಪುಸ್ತಕ ತೆರೆದುಕೊಂಡು ಮುಂದೆ ಬಂದಳು. ಎಡಪುಟದಲ್ಲಿ ತೆಲುಗು, ಬಲಪುಟದಲ್ಲಿ ಕನ್ನಡ, ಮೂರು ಪದಗಳ ಕೆಳಗೆ ಗೆರೆ. ಹಾಡುವ ಮುಂಚೆ ಆ ಮೂರರಲ್ಲಿ ಒಂದರ ಅರ್ಥ ತನ್ನ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲವೆಂದು ಹೇಳಿ, ನನ್ನನ್ನು ಕೇಳಿದಳು.